ಮದ್ದುಗನ್ನಡಿ ಮತ್ತು ನೀಲವ್ವನ ಒಪ್ಪತ್ತು

ಮದ್ದುಗನ್ನಡಿಯನ್ನು ತೋಳಿನ ಮೇಲೆ ಹಿಡಿದರೆ ಸಾಕು, ಮೈಯೊಳಗೆ ಔಷಧ ನಡೆಯುವ ದಾರಿಯೆಲ್ಲ ಬೆಳಕಿನ ಎಳೆಯಾಗಿ ಕಾಣುತ್ತಿತ್ತು. ರಕ್ತ ಅದನ್ನು ಎಷ್ಟು ಹೀರಿಕೊಂಡಿತು, ಯಕೃತ್ತು ಎಷ್ಟನ್ನು ಮುರಿಯಿತು, ಮೂತ್ರಪಿಂಡ ಎಷ್ಟನ್ನು ಹೊರಗೆ ಕಳಿಸಿತು, ಎಲ್ಲವೂ. ಎರಡು ಸಾವಿರದ ಅರವತ್ತೊಂದರ ಶ್ರಾವಣದ ಒಂದು ಮಧ್ಯಾಹ್ನ, ತುಂಗಭದ್ರೆಯ ದಂಡೆಯ ಊರೊಂದರ ಆಸ್ಪತ್ರೆಯಲ್ಲಿ, ನರ್ಸಿಂಗ್ ಮೂರನೆಯ ವರ್ಷದ ಶಿವಲೀಲಾ ಅದನ್ನು ಸಕ್ಕರೆ ಕಾಯಿಲೆಯ ನೀಲವ್ವನ ತೋಳಿಗೆ ಹಿಡಿದಳು.

ಮದ್ದು ಕೊಡುವ ಮುನ್ನ ಕನ್ನಡಿ ಆರು ಸಂಗತಿಗಳನ್ನು ತಾಳೆ ನೋಡುತ್ತಿತ್ತು. ಸರಿಯಾದ ರೋಗಿ, ಸರಿಯಾದ ಮದ್ದು, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಹೊತ್ತು. ಐದಕ್ಕೂ ಹಸಿರು ಬಂತು. ಆರನೆಯದು ಊಟದ ಪ್ರಶ್ನೆ: ರೋಗಿ ಉಂಡಳೇ? ಅಡುಗೆಮನೆಯಿಂದ ತಟ್ಟೆ ಬಂದಿದ್ದರೆ ಕನ್ನಡಿಯೇ ‘ಹೌದು’ ಎಂದು ತುಂಬಿಕೊಂಡು, ಬರೀ ಒಂದು ಬೆರಳೊತ್ತು ಬೇಡುತ್ತಿತ್ತು. ತರಗತಿಯವರೆಲ್ಲ ಒತ್ತುವ ಹಾಗೆ ಶಿವಲೀಲಾಳೂ ಒತ್ತಿದಳು. ಊಟದ ಸಕ್ಕರೆಗೆಂದು ಅಳೆದಿಟ್ಟ ಇನ್ಸುಲಿನ್ ಚರ್ಮದಡಿಗೆ ಇಳಿಯಿತು.

“ಸೂಜಿ ಗೊತ್ತಾಗ್ಲಿಲ್ಲ ನೋಡವ್ವಾ,” ನೀಲವ್ವ ನಕ್ಕಳು. “ನಿನ್ನ ಮಾರಿನೂ ಕಾಣಲಿಲ್ಲ ಬಿಡು, ಕನ್ನಡಿ ಅಡ್ಡ ಬಂತು.”

ಶಿವಲೀಲಾ ಮುಂದಿನ ವಾರ್ಡಿಗೆ ಹೋಗಿಬಿಟ್ಟಿದ್ದಳು.

ಆ ಇನ್ಸುಲಿನ್ ಕಾಲು ಗಂಟೆಗೆ ಕೆಲಸ ಹಿಡಿಯುತ್ತದೆ, ಒಂದು ಗಂಟೆಗೆ ಅದರ ಬಲ ತುದಿ ಮುಟ್ಟುತ್ತದೆ. ಸರಿಯಾಗಿ ಆ ಹೊತ್ತಿಗೆ ಕೂಗು ಕೇಳಿ ಶಿವಲೀಲಾ ಓಡಿಬಂದರೆ, ನೀಲವ್ವ ಬೆವರಲ್ಲಿ ತೊಯ್ದು ಪ್ರಜ್ಞೆ ತಪ್ಪಿದ್ದಳು.

“ಸೋಮವಾರ ಆಕಿ ಒಪ್ಪತ್ತವ್ವಾ,” ಪಕ್ಕದ ಮಂಚದ ಹೆಂಗಸು ಹೇಳಿದಳು. “ಸಂಜಿ ಪೂಜಿ ಆಗೂತನಕ ಉಣ್ಣಂಗಿಲ್ಲ. ತಟ್ಟಿ ನನಗ ಕೊಟ್ಲು.”

ನರದೊಳಗೆ ಗ್ಲುಕೋಸ್ ಹನಿಯತೊಡಗಿತು. ಕನ್ನಡಿಯನ್ನು ಕಂಡುಹಿಡಿದ ಡಾ. ಅಂಬುಜಾ ಕಟ್ಟಿ ಆ ವಾರ ಪರಿಶೀಲನೆಗೆ ಅಲ್ಲಿಯೇ ಇದ್ದರು. ಶಿವಲೀಲಾಳನ್ನು ಪಕ್ಕಕ್ಕೆ ಕರೆದರು.

“ಉಪಕರಣದ ದೋಷ ಅಂತ ಬರೀತೀನಿ. ಊಟ ಆಯ್ತಾ ಅಂತ ನೀನು ಕೇಳಿದ್ದೆ ಅಂತ ಸಹಿ ಹಾಕಿಬಿಡು. ಇಲ್ಲದಿದ್ದರೆ ಈ ವರ್ಷ ನಿನ್ನನ್ನ ಪರೀಕ್ಷೆಗೆ ಕೂರಿಸಲ್ಲ.”

ಅವಳು ಪೆನ್ನು ಹಿಡಿದಳು. ಅಷ್ಟರಲ್ಲಿ ನೀಲವ್ವ ಕಣ್ಣು ಬಿಟ್ಟು ಅವಳನ್ನೇ ಕರೆದಳು.

“ನನ್ನ ಒಪ್ಪತ್ತು ಮುರೀತೇನವ್ವಾ, ಈ ಸಕ್ಕರಿ ನೀರಿಗೆ?” ಎಂದವಳು ತಾನೇ ಸಮಾಧಾನ ಮಾಡಿಕೊಂಡಳು. “ಇರ್ಲಿ, ಬಾಯಿಂದ ತಿಂದಿಲ್ಲಲ್ಲ, ಶಿವ ಕಣ್ಣು ಮುಚ್ಕೋತಾನ. ನಿನಗ ಬೈದ್ರೇನು? ನಾನ ಹೇಳಬೇಕಾಗಿತ್ತು. ನೀ ಅವಸರದಾಗಿದ್ದಿ.”

ಶಿವಲೀಲಾಳ ಕಿವಿ ಕಾದ ಹೆಂಚಾಯಿತು. ಸಾವಿನ ಬಾಗಿಲು ನೋಡಿಬಂದ ಮುದುಕಿ ಅವಳ ಪರವಾಗಿ ತಪ್ಪು ಹೊರುತ್ತಿದ್ದಳು. ತಲೆ ಎತ್ತದೆ ಶಿವಲೀಲಾ ಕಾಗದದ ಮೇಲೆ ಬರೆದಳು: ‘ನಾನು ಕೇಳಲಿಲ್ಲ.’ ಕೆಳಗೆ ಸಹಿ ಹಾಕಿದಳು.

ಕಟ್ಟಿಯವರು ಅದನ್ನು ಓದಿದರು. ಅವರ ದನಿ ಕುಗ್ಗಿತ್ತು.

“ಈ ಕನ್ನಡಿ ಬರೋ ಮೊದಲು ಆ ಪ್ರಶ್ನೆಯನ್ನ ನರ್ಸೇ ಬಾಯಿಬಿಟ್ಟು ಕೇಳಬೇಕಾಗ್ತಿತ್ತು. ಹನ್ನೊಂದು ಸೆಕೆಂಡು ಹಿಡೀತಿತ್ತು. ಅದನ್ನ ಉಳಿಸಿದೆ ಅಂತ ನನಗೆ ಶಾಲು ಹೊದಿಸಿದ್ರು, ತಂಗಿ.”

ಅವಳ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ಕನ್ನಡಿ ಹುಟ್ಟಲು ಇನ್ನೂ ಎಷ್ಟೋ ವರ್ಷಗಳಿವೆ. ಈ ಹೊತ್ತು, ನಮ್ಮ ನಡುವಿನ ಯಾವುದೋ ವಾರ್ಡಿನಲ್ಲಿ, ಬರಿಯ ಸೂಜಿ ಹಿಡಿದ ಹುಡುಗಿಯೊಬ್ಬಳು ಮಂಚದ ಬಳಿ ನಿಂತಿದ್ದಾಳೆ. ಆ ಹನ್ನೊಂದು ಸೆಕೆಂಡು ಇನ್ನೂ ಅವಳ ಕೈಯಲ್ಲೇ ಇದೆ.