ಕವುಚಿಟ್ಟ ಕಾರ್ಡು

"ಛೀ! ನಿನ್ನ ಕೈ ತಾಗಿದ್ದನ್ನ ನಂಗೆ ಕೊಡಬೇಡ!"

ಕ್ಯಾಮೆರಾ ಅಂಗಡಿಯಲ್ಲಿ ಅವಳು ಸರಕ್ಕನೆ ಹಿಂದೆ ಸರಿದಳು. ಅವನು ಚಾಚಿದ ಕ್ಯಾಮ್‌ಕಾರ್ಡರ್ ಗಾಳಿಯಲ್ಲೇ ನಿಂತಿತು.

ಇಬ್ಬರೂ ಒಂದೇ ಸ್ಟುಡಿಯೋದವರು. ಅವನು ಕ್ಯಾಮೆರಾಮನ್, ಅವಳು ಎಡಿಟರ್. ಸ್ಟುಡಿಯೋ ನಡೆಸುವ ಅವಳ ಸೋದರಮಾವ, "ಟೇಪಿನ ಎಚ್‌ಡಿ ಕ್ಯಾಮೆರಾನೋ, ಮೆಮೊರಿ ಕಾರ್ಡಿಂದೋ, ಇಬ್ಬರೂ ಒಪ್ಪಿದ್ದನ್ನೇ ತನ್ನಿ" ಎಂದು ಕಳಿಸಿದ್ದರು. ಎಣ್ಣೆ ಸೀಗೆಕಾಯಿಯನ್ನು ಜೊತೆಗೆ ಕಳಿಸಿದಂತೆ!

ಅವನ ಕಚ್ಚಿ ಕಚ್ಚಿ ಮೊಂಡಾದ ಉಗುರು ಕಂಡರೇ ಅವಳಿಗೆ ವಾಕರಿಕೆ. ಆರು ತಿಂಗಳ ಹಿಂದೆ ಅವಳ ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬದ ವಿಡಿಯೋ ಇದ್ದ ಕಾರ್ಡನ್ನು ಅಳಿಸಿದ್ದು ಆ ಬೆರಳೇ. ಮೂರನೇ ದಿನ ಅಜ್ಜಿ ತೀರಿಹೋದರು. ಅವರ ನಗುವನ್ನಾದರೂ ನೋಡೋಣವೆಂದರೆ ಕಾರ್ಡು ಖಾಲಿ! "ತಪ್ಪಾಯ್ತು" ಅಂದನಷ್ಟೇ.

'ಇಂಥವನನ್ನ ಮದುವೆಯಾಗೋಕೆ ಹೊರಟಿದ್ದೆನಲ್ಲಾ... ಥೂ!'

"ಟೇಪೇ ಕೊಡಿ," ಅಂಗಡಿಯವರಿಗೆ ಹೇಳಿದಳು. "ಕಪಾಟಲ್ಲಿ ಭದ್ರವಾಗಿರುತ್ತೆ. ಯಾವ ದರಿದ್ರದವನೂ ಒಂದು ಗುಂಡಿ ಒತ್ತಿ ಅಳಿಸೋಕಾಗಲ್ಲ."

"ಟೇಪಾದ್ರೆ ಒಂದು ಗಂಟೆ ವಿಡಿಯೋ ಇಳಿಸೋಕೆ ಒಂದು ಗಂಟೆನೇ ಕಾಯ್ಬೇಕಮ್ಮಾ. ಕಾರ್ಡು ನಿಮಿಷಗಳ ಕೆಲಸ, ನೋಡಿ," ಎಂದು ಅವರು ಕಾರ್ಡೊಂದನ್ನು ಅವಳ ಕೈಗಿತ್ತರು.

ಯಾರದೋ ಬೆವರಿನ ಅಂಟು. ಅಸಹ್ಯ! ಕರವಸ್ತ್ರದಿಂದ ತಿಕ್ಕಿ ಒರೆಸಿ, ಗಾಜಿನ ಮೇಲೆ ಕವುಚಿ ಇಟ್ಟಳು.

ಅವನ ಕೈ ತಾನಾಗಿ ಬಂದು ಅದನ್ನು ಮಗುಚಿ, ಅದಕ್ಕಂಟಿಸಿದ ಚೀಟಿ ಮೇಲ್ಮುಖವಾಗಿರುವಂತೆ ಇಟ್ಟಿತು.

ಅವಳು ಕಾರ್ಡನ್ನೇ ದಿಟ್ಟಿಸಿದಳು. ಸ್ಟುಡಿಯೋದಲ್ಲಿ ಅವಳೇ ಮಾಡಿದ್ದ ಕಟ್ಟಳೆ ಅದು: ಚೀಟಿ ಮೇಲ್ಮುಖವಾಗಿದ್ದರೆ ಇನ್ನೂ ಕಂಪ್ಯೂಟರಿಗೆ ಇಳಿಸಿಲ್ಲ, ಕವುಚಿದ್ದರೆ ಇಳಿಸಿಯಾಗಿದೆ, ಅಳಿಸಬಹುದು. ಆವತ್ತು ಅಜ್ಜಿಯ ಕಾರ್ಡಿಗೆ ಕೇಕಿನ ಕ್ರೀಮು ಮೆತ್ತಿತ್ತು... ಹೀಗೇ ಒರೆಸಿ...

"ಅವತ್ತು ಕವುಚಿಟ್ಟಿದ್ದು... ನಾನೇನಾ?"

ಅವನು ಹೌದೆಂದು ತಲೆಯಾಡಿಸಿದ.

"ಯಾಕೋ ಹೇಳಲಿಲ್ಲ?!"

"ನೀನು ಅಜ್ಜಿ ಹೋದ ನೋವಲ್ಲಿದ್ದೆ. ಅದರ ಮೇಲೆ ಇದೂ ನಿನ್ನ ಕೈಯಿಂದ್ಲೇ ಅಂತ ಹೆಂಗೆ ಹೇಳ್ಲಿ? ಬೈಸ್ಕೊಳ್ಳೋದೇ ಸುಲಭ ಅನ್ನಿಸ್ತು."

ಇಷ್ಟು ದಿನ ಅವನ ಮೇಲೆ ಉಗಿದ ಹೇಸಿಗೆಯೆಲ್ಲ ತಿರುಗಿ ಅವಳ ಮೈಗೇ ಮೆತ್ತಿಕೊಂಡಿತು. ತನ್ನ ಬೆರಳುಗಳನ್ನೇ ನೋಡಲಾಗಲಿಲ್ಲ.

"ನನ್ನ ಕಂಡ್ರೆ ನಿಂಗೆ ಅಸಹ್ಯ ಆಗಲ್ವಾ?"

"ಆರು ತಿಂಗಳು ಪ್ರಯತ್ನಪಟ್ಟೆ. ಆಗ್ಲೇ ಇಲ್ಲ ಕಣೇ."

ಮೊಂಡು ಉಗುರಿನ ಆ ಕೈಯನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು.

ಅಂಗಡಿಯವರು ಕೆಮ್ಮಿದರು. "ಕೊನೆಗೆ... ಟೇಪೋ, ಕಾರ್ಡೋ?"

"ಕಾರ್ಡೇ ಕೊಡಿ." ಮೂಗೊರೆಸಿಕೊಂಡಳು. "ನಾನು ಕವುಚಿಟ್ರೆ ಮಗುಚಿಡೋಕೆ ಇವನಿದ್ದಾನೆ."

"ಜೀವನಪೂರ್ತಿನಾ?" ಅವನು ಪಿಸುಗುಟ್ಟಿದ.

"ಹೂಂ... ಮೊದ್ಲು ಈ ಉಗುರು ಕಚ್ಚೋದು ಬಿಡು. ಛೀ!"