ಬಿಚ್ಚದೆ ಬಿಟ್ಟ ಕೇಬಲ್

"ಕೇಬಲ್ ಬಿಚ್ಚಿರಲಿಲ್ಲ, ಅಲ್ವಾ?"

ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ಅವಳು ಕೇಳಿದ ರೀತಿಗೆ ಅಲ್ಲಿನ ಜನರೇಟರೂ ಬೆಚ್ಚಬೇಕಿತ್ತು. ಎಲೆಕ್ಟ್ರಿಷಿಯನ್ ಮಾತ್ರ ಅವಳ ಕೆಂಪಾದ ಕಿವಿಯನ್ನೇ ನೋಡಿದ. ಬೇರೆ ದಿನವಾಗಿದ್ದರೆ ಆ ನೋಟಕ್ಕೆ ಕರಗುತ್ತಿದ್ದಳು. ಇವತ್ತು ಮೈ ಉರಿಯಿತು.

ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಅವಳ ಜವಾಬ್ದಾರಿ. ಹ್ಯಾಕರುಗಳು ನುಗ್ಗಿ ಎಲ್ಲಕ್ಕೂ ಬೀಗ ಜಡಿದರೆ ರೋಗಿಗಳ ದಾಖಲೆ ಮರಳಿ ತರುವುದು ಹೇಗೆ ಅಂತ ಬೆಳಿಗ್ಗೆ ತಾಲೀಮು ನಡೆದಿತ್ತು. ಅವಳ ಧೈರ್ಯವೆಲ್ಲ ನೆಲಮಾಳಿಗೆಯ ಬ್ಯಾಕಪ್ ಡಿಸ್ಕು. ಸಂಜೆ ಕೇಬಲ್ ಹಾಕಿ ನಕಲು ತೆಗೆಯಬೇಕು, ಬೆಳಿಗ್ಗೆ ಬಿಚ್ಚಿಡಬೇಕು. ಬಿಚ್ಚಿಟ್ಟ ಡಿಸ್ಕಿಗೆ ಯಾವ ಕಳ್ಳನ ಕೈಯೂ ಎಟುಕದು. ಅವಳ ಮೊಣಕಾಲು ನೋವು ಕಂಡು ಆ ಕೆಲಸ ಈ ಎಲೆಕ್ಟ್ರಿಷಿಯನ್ನೇ ವಹಿಸಿಕೊಂಡಿದ್ದ. ತಾಲೀಮಿನಲ್ಲಿ ಆ ಡಿಸ್ಕಿಗೂ ಬೀಗ ಬಿತ್ತು. ಪರೀಕ್ಷಿಸಲು ಬಂದವನು ತಣ್ಣಗೆ ಹೇಳಿದ್ದ: "ನಿಜವಾದ ದಾಳಿ ಆಗಿದ್ರೆ, ಐಸಿಯುನಲ್ಲಿ ಯಾರಿಗೆ ಯಾವ ಔಷಧಿ ಅಂತಾನೂ ನಿಮಗೆ ಗೊತ್ತಾಗ್ತಿರಲಿಲ್ಲ."

"ದಿನಾ ಬಿಚ್ತೀನಿ ಅಂತ ಹೇಳ್ತಿದ್ರಲ್ರೀ ನನಗೆ!"

"ಬಿಚ್ಚಿ ಮತ್ತೆ ಹಾಕಿದಾಗೆಲ್ಲ ಡಿಸ್ಕು ಹಟ ಹಿಡೀತಿತ್ತು ಮೇಡಂ. ನಕಲು ಆಗದಿದ್ರೆ ನೀವೇ ಇಳಿದು ಬರಬೇಕು. ಒಂದೊಂದು ಮೆಟ್ಟಿಲಿಗೂ ತುಟಿ ಕಚ್ಕೋತಿದ್ರಿ. ನನ್ನ ಕೈಲಿ ನೋಡೋಕಾಗ್ಲಿಲ್ಲ."

"ಅಯ್ಯೋ ಪುಣ್ಯಾತ್ಮ! ನನ್ನ ಕಾಲು ಉಳಿಸೋಕೆ ಐಸಿಯುನಲ್ಲಿರೋರ ಪ್ರಾಣ ಅಡ ಇಟ್ರಾ?"

ಅವನು ತಲೆ ತಗ್ಗಿಸಿದ. "ನೀವು ಬರಲಿ ಅಂತ ದಿನವಿಡೀ ಕಾಯೋನೂ ನಾನೇ. ಬರದೆ ಇರೋ ಹಾಗೆ ಮಾಡ್ಕೊಂಡೋನೂ ನಾನೇ."

ಇಷ್ಟು ದಿನ ಅವಳು ಹಂಬಲಿಸಿದ ಮಾತು ಬರಬಾರದ ಹೊತ್ತಿನಲ್ಲಿ ಬಂದಿತ್ತು. ಮೇಲೆ ಡೈರೆಕ್ಟರು ತಪ್ಪು ಯಾರದೆಂದು ಕೇಳುತ್ತಿದ್ದಾರೆ. ಡಿಸ್ಕೇ ಕೆಟ್ಟಿತ್ತು ಅಂದುಬಿಟ್ಟರೆ ಇವನ ಕೆಲಸ ಉಳಿಯುತ್ತದೆ. ಹೊಸ ಡಿಸ್ಕು ಬರುತ್ತದೆ, ಹಳೇ ತಪ್ಪು ಅಲ್ಲೇ ಕೂತಿರುತ್ತದೆ.

"ನಿಮ್ಮ ಹೆಸರು ಹೇಳ್ತೀನಿ," ಅಂದಳು. "ನಿಮ್ಮನ್ನ ನಂಬಿ ಒಂದು ಸಲಾನೂ ಪರೀಕ್ಷೆ ಮಾಡದ ನನ್ನ ಹೆಸರೂ ಹೇಳ್ತೀನಿ."

"ಹೇಳಿ. ಸುಳ್ಳು ಹೇಳಿ ಉಳಿಸಿದ್ರೆ ನಿಮ್ಮ ಮುಖ ನೋಡೋಕೆ ನನಗಾಗಲ್ಲ."

ಸಂಜೆಯೊಳಗೆ ಅವನನ್ನು ಕೆಲಸದಿಂದ ತೆಗೆದರು. ಅವಳಿಗೆ ಛೀಮಾರಿ ಹಾಕಿ, ಮತ್ತೊಮ್ಮೆ ತಾಲೀಮು ಮಾಡಿ ತೋರಿಸಲು ಹೇಳಿದರು. ಸಾಮಾನಿನ ಚೀಲ ಹಿಡಿದು ಗೇಟು ದಾಟುತ್ತಿದ್ದವನನ್ನು ಅವಳು ಎಲ್ಲರೆದುರೇ ಕೂಗಿ ನಿಲ್ಲಿಸಿದಳು.

"ಇನ್ನೂ ಕೋಪಾನಾ ಮೇಡಂ?"

"ಕುದೀತಿದೆ. ಆರೋಕೆ ವರ್ಷಗಳೇ ಬೇಕು." ಚೀಲದ ಒಂದು ಹಿಡಿಯನ್ನು ತನ್ನ ಕೈಗೆ ತಗೊಂಡಳು. "ಅಲ್ಲಿ ತನಕ ಜೊತೆಗಿದ್ದು ಬೈಸ್ಕೊಳ್ಳೋಕಾಗುತ್ತಾ? ಆಗುತ್ತೆ ಅಂದ್ರೆ, ಈ ಮೇಡಂ ಅನ್ನೋದನ್ನ ಬಿಡಿ."

"ಮತ್ತೆ ಏನಂತ ಕರೀಲಿ?"

"ನಡೀರಿ, ದಾರೀಲಿ ಯೋಚನೆ ಮಾಡೋಣ."