ಮೊದಲ ಕಿಡಿಯ ಮಾತು

ಶಿವರಂಜನಿ ದಿಟ್ಟಿಸಿ ನೋಡಿದರೆ ಸಾಕು, ಸಿಂಧನೂರಿನ ಕಬ್ಬಿಣವೆಲ್ಲ ತಾನೆಷ್ಟು ಗಟ್ಟಿ ಎಂದು ಬಾಯಿಬಿಡುತ್ತಿತ್ತು. ಅರ್ಧ ಸುಳ್ಳು, ಒಪ್ಪಿದೆ. ಬಾಯಿ ಬಿಡಿಸುತ್ತಿದ್ದುದು ಅವಳ ಲೇಸರ್ ಯಂತ್ರ. ಅದರ ಬೆಳಕು ಲೋಹಕ್ಕೆ ಬಡಿದು ಕಿಡಿ ಹಾರಿದರೆ, ಆ ಕಿಡಿಯ ಬಣ್ಣ ಓದಿ ಗಟ್ಟಿತನದ ಅಂಕಿ ಹೇಳುತ್ತಿತ್ತು. ಭತ್ತ ಕೊಯ್ಯುವ ಯಂತ್ರಗಳ ಬ್ಲೇಡು ಮಾರುವ ಅಂಗಡಿಯಲ್ಲಿ ಅವಳ ಕೆಲಸ.

ಮಸ್ಕಿಯ ಕುಲುಮೆಯಿಂದ ಬ್ಲೇಡು ತಂದ ಬೀರಲಿಂಗ ಮೊದಲ ದಿನವೇ ಕೆಣಕಿದ. ಉಗುರಿನಿಂದ ಬ್ಲೇಡು ಮೀಟಿ ಅವಳ ಕಿವಿಯ ಹತ್ತಿರ ಹಿಡಿದ.

“ಕೇಳ್ರಿ ಮೇಡಂ. ನಮ್ಮಪ್ಪ ಇಷ್ಟರಾಗ ಎಷ್ಟು ಗಟ್ಟಿ ಅಂತ ಹೇಳ್ತಿದ್ದ. ನಿಮ್ಮ ಪೆಟಗಿಗೆ ಕರೆಂಟ್ ಬೇಕು.”

“ಕರೆಂಟ್ ಹೋದ ದಿನ ನಿಮ್ಮ ಉಗುರು ಕರಸ್ತೀನಿ, ತಡೀರಿ.”

ಅಂದಿನಿಂದ ಪ್ರತಿ ಮಂಗಳವಾರ ಅವನು ಬಂದರೆ ಅವಳ ಎದೆಬಡಿತಕ್ಕೆ ಪಕ್ಕದ ರೈಸ್ ಮಿಲ್ಲಿನ ಸದ್ದೇ ಅಡಗುತ್ತಿತ್ತು.

“ನಿನ್ನ ಮಷಿನ್ ಮಸ್ಕಿಯವ್ರಿಗೆ ಭಾಳ ಸಲಿಗಿ ಕೊಡತೈತಲ್ಲವ್ವ,” ಎಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಶಿವಕಾಂತ ನಕ್ಕ. ಆ ನಗು ಅವಳಿಗೆ ಚುಚ್ಚಿತು.

ಮರುವಾರ ಬೀರಲಿಂಗ ಇನ್ನೂರು ಬ್ಲೇಡು ತಂದ. ಮೊದಲ ಕಿಡಿಗೇ ಯಂತ್ರ ಹೇಳಿತು: ಮೆತ್ತಗಿದೆ.

“ಅದೇ ಜಾಗಕ್ಕ ಇನ್ನೊಮ್ಮೆ ಹೊಡೀರಿ,” ಅವನು ಬೇಡಿಕೊಂಡ.

ಬೇರೆ ಯಾರೇ ಆಗಿದ್ದರೂ ಹೊಡೆಯುತ್ತಿದ್ದಳು. ಅವನು ಬೀರಲಿಂಗ... ಅದಕ್ಕೇ ಹೊಡೆಯಲಿಲ್ಲ.

“ಪರಿಚಯ ಐತಂತ ಸುಳ್ಳು ಬರೀಲೇನ್ರಿ?”

ಅವನು ಮಾಲು ಹೊತ್ತು ಹೋದ. ಒಂದು ಬ್ಲೇಡು ಮಾತ್ರ ಅವಳ ಮೇಜಿನ ಮೇಲೆ ಉಳಿಯಿತು.

ನಾಲ್ಕು ತಿಂಗಳು ಅವನು ಬರಲಿಲ್ಲ, ಅವಳು ಅದನ್ನು ಮುಟ್ಟಲಿಲ್ಲ. ಒಂದು ಮಂಗಳವಾರ ತಡೆಯಲಾರದೆ ಅದೇ ಜಾಗಕ್ಕೆ ಬೆಳಕು ಬಿಟ್ಟಳು. ಐದು, ಹತ್ತು, ಇಪ್ಪತ್ತು ಸಲ... ಕುಲುಮೆಯಲ್ಲಿ ಸುಟ್ಟ ತೆಳು ಸಿಪ್ಪೆ ಹಾರಿಹೋಗಿ ಒಳಗಿನ ಲೋಹ ಮಾತಾಡಿತು. ಗಟ್ಟಿಯಾಗಿತ್ತು.

‘ಮೊದಲ ಕಿಡಿ ನಂಬಬಾರದು ಅಂತ ಕಲಿತವಳು ನಾನು... ಅವನ ವಿಷಯದಲ್ಲೇ ಮರೆತೆನಾ?’

ಮಸ್ಕಿಗೆ ಓಡಿದಳು. ಕುಲುಮೆ ತಣ್ಣಗಿತ್ತು.

“ಮಾಲು ತಿರುಗಿ ಬಂದಮ್ಯಾಲೆ ಕುಲುಮಿ ಮುಚ್ಚಿದ. ಈಗ ಲಿಂಗಸುಗೂರಾಗ ಕಿಟಕಿ ಗ್ರಿಲ್ ವೆಲ್ಡಿಂಗ್ ಮಾಡಾಕತ್ತಾನ,” ಅವನ ತಾಯಿ ಯಮನೂರಮ್ಮ ಬೂದಿ ನೋಡುತ್ತಲೇ ಹೇಳಿದಳು. “ಅವರಪ್ಪ ಕಬ್ಬಿಣ ಇಟ್ಟು ಬಡೀತಿದ್ದ ಅಡಿಗಲ್ಲೂ ಮಾರ್ಯಾನ.”

ಲಿಂಗಸುಗೂರಿನಲ್ಲಿ ಅವಳನ್ನು ಕಂಡು ಅವನು ವೆಲ್ಡಿಂಗಿನ ಕಪ್ಪು ಕನ್ನಡಕ ತೆಗೆದ. ಅವಳು ಬ್ಲೇಡು ಚಾಚಿದಳು.

“ತಪ್ಪು ನಂದು. ಅಂಗಡ್ಯಾಗ ಎಲ್ಲರ ಮುಂದ ಹೇಳಿ ಬಂದೀನಿ. ಜನ ಏನಂತಾರೋ ಅಂತ ಅಂಜಿದೆ... ನೀ ಅಂದ್ರ ಜೀವ ಅಂತ ಅವರಿಗೆ ಗೊತ್ತಾಗ್ತೈತಂತ ಅಂಜಿದೆ.”

ಅವನು ಉಗುರಿನಿಂದ ಬ್ಲೇಡು ಮೀಟಿದ. ನಾದ ಬಹಳ ಹೊತ್ತು ನಿಂತಿತು.

“ಅಡಿಗಲ್ಲಿಲ್ಲದ ಕುಲುಮ್ಯಾಗ ನಾ ಏನ್ ಮಾಡ್ಲಿ, ರಂಜನಿ?”

“ಯಾರಿಗೆ ಮಾರಿದಿ?”

“ಪಾಮನಕಲ್ಲೂರಿನವ್ರಿಗೆ.”

“ಐದಕ್ಕ ಬಸ್ಸೈತಿ. ನಾ ಹೋಗಿ ಕೇಳ್ತೀನಿ. ಕೊಡ್ಲಿಲ್ಲಂದ್ರ ಅದರ ಮ್ಯಾಲೆ ಕುಂತುಬಿಡ್ತೀನಿ. ನೀ ಬರೋದು ಬಿಡೋದು ನಿನ್ನಿಷ್ಟ.”

ಅವನು ಕಪ್ಪು ಕನ್ನಡಕ ಕೆಳಗಿಟ್ಟ. ಕಣ್ಣು ಒರೆಸಿಕೊಂಡ.

ಹೆಂಗಸರಿಗೆ ಬಸ್ಸು ಪುಕ್ಕಟೆ, ನಿಮಗೂ ಗೊತ್ತು. ಆದರೂ ಆ ಸಂಜೆ ಅವಳ ಸೀಟಿನ ಹತ್ತಿರ ನಿಂತ ಕಂಡಕ್ಟರ್ ಒಂದು ಟಿಕೆಟ್ಟಿಗೆ ದುಡ್ಡು ತೆಗೆದುಕೊಂಡ.

ಯಾರ ಟಿಕೆಟ್ಟು? ನೀವೇ ಹೇಳಿ ನೋಡೋಣ.